ಅಕ್ಕನ ಗೆರೆಗಳ ಕೋಣೆ

ಹುಣ್ಣಿಮೆಯ ಚಂದ್ರನನ್ನು ಒಣಹುಲ್ಲಿನಲ್ಲಿ ಸುತ್ತಿ, ಮರದ ಪೆಟ್ಟಿಗೆಗೆ ತುಂಬಿ, ಮೊಳೆ ಹೊಡೆದು ಲಾರಿ ಹತ್ತಿಸಿದ ಮನುಷ್ಯ ಈ ಭೂಮಂಡಲದಲ್ಲಿ ಯಾರಾದರೂ ಇದ್ದರೆ ಅದು ನಾನೊಬ್ಬನೇ. ಲಾರಿ ಹಳ್ಳಕೊಳ್ಳಗಳಲ್ಲಿ ಕುಣಿಯುತ್ತ ಹೋಗಿ ಊರಾಚೆಯ ಗೋದಾಮಿನಲ್ಲಿ ನಿಂತಾಗ ಪೆಟ್ಟಿಗೆ ಬಿಚ್ಚಿ ನೋಡಿದರೆ ಚಂದ್ರನ ಮೈಮೇಲೆ ಒಂದೇ ಒಂದು ಹೊಸ ಗೀರಿರಲಿಲ್ಲ. ಈಗ ಕಾಣುವ ಕಲೆಗಳೆಲ್ಲ ಹಳೆಯವೇ. ತುಂಬುವ ಮುಂಚೆಯೇ ನಾನು ಎಣಿಸಿಟ್ಟುಕೊಂಡಿದ್ದೆ, ಆಮೇಲೆ ನಮ್ಮ ಮೇಲೆ ಮಾತು ಬರಬಾರದಲ್ಲ. ಆ ತಿಂಗಳು ಎರಡೆರಡು ಅಮಾವಾಸ್ಯೆ ಯಾಕೆ ಬಂತು ಎಂದು ತಲೆ ಕೆರೆದುಕೊಂಡವರಿಗೆ ಈಗಲಾದರೂ ಕಾರಣ ತಿಳಿದಿರಬೇಕು.

ನಂಬದಿದ್ದರೆ ಬಿಡಿ, ಒತ್ತಾಯವಿಲ್ಲ. ನನ್ನ ಹೆಂಡತಿಯೂ ನಂಬುವುದಿಲ್ಲ. "ಆ ಕಾರ್ಖಾನೆಯವರು ಕೆಟಲಿಗೆ ಎಷ್ಟು ಥರದ ಮುಚ್ಚಳ ಮಾಡಿದರು! ನಿಮ್ಮ ಬಾಯಿ ಅಳತೆಯದು ಮಾತ್ರ ಒಂದೂ ಮಾಡಲಿಲ್ಲ ನೋಡಿ" ಎನ್ನುತ್ತಾಳೆ.

ಅವಳು ಹೇಳುವ ಕಾರ್ಖಾನೆ ಪಿಂಗಾಣಿ ಕಾರ್ಖಾನೆ. ತಟ್ಟೆ, ಬಟ್ಟಲು, ಚಹಾದ ಕಪ್ಪು, ಬಸಿಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವುದು ನನ್ನ ಕೆಲಸವಾಗಿತ್ತು. ಅಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಮ್ಯಾನೇಜರಿಂದ ಹಿಡಿದು ಭಟ್ಟಿಗೆ ಬೆಂಕಿ ಹಾಕುವವನವರೆಗೆ ಎಲ್ಲರಿಗೂ ನಾನು ಬುರುಡೆ. ಬುರುಡೆ ಬಿಡುತ್ತೇನೆಂದು ಬಂದ ಹೆಸರಲ್ಲ ಅದು, ನನ್ನ ತಲೆ ಗುಂಡಗೆ ಚೆಂದ ಇದ್ದುದಕ್ಕೆ ಬಂದದ್ದು ಎಂದು ನಾನು ಹೇಳುತ್ತಿದ್ದೆ. ಹಾಗೆ ಹೇಳಿದ ಮೇಲೆ ಆ ಹೆಸರು ಇನ್ನೂ ಗಟ್ಟಿಯಾಗಿ ಅಂಟಿಕೊಂಡಿತು.

ಅದೇ ಕಾರ್ಖಾನೆಯಲ್ಲಿ ನನ್ನ ಅಕ್ಕ ಗೆರೆಯವಳು. ತಟ್ಟೆಯ ಅಂಚಿನಲ್ಲಿ ಸುತ್ತಲೂ ಒಂದು ನೀಲಿ ಗೆರೆ ಇರುತ್ತದಲ್ಲ, ಅದನ್ನು ಎಳೆಯುವುದೇ ಅವಳ ಜೀವಮಾನದ ಕೆಲಸ. ತಿರುಗುವ ಮಣೆಯ ಮೇಲೆ ತಟ್ಟೆ ಇಟ್ಟು ಎಡಗೈಯಿಂದ ತಿರುಗಿಸಬೇಕು, ಬಲಗೈಯ ಕುಂಚ ಉಸಿರಿಗೂ ಅಲುಗಬಾರದು. ತಟ್ಟೆ ಒಂದು ಸುತ್ತು ಬರುವುದರೊಳಗೆ ಗೆರೆ ತಾನು ಹೊರಟ ಜಾಗಕ್ಕೇ ಬಂದು ಸೇರಬೇಕು. ಆ ಸೇರುವ ಜಾಗಕ್ಕೆ ಅವರು ಕೂಡು ಎನ್ನುತ್ತಿದ್ದರು. ಹೂ ಬರೆಯುವವಳಿಗೆ ಕೈ ತಪ್ಪಿದರೆ ಅದನ್ನೇ ಎಲೆ ಮಾಡಿಬಿಡಬಹುದು. ಗೆರೆಯವಳಿಗೆ ಕೂಡು ತಪ್ಪಿದರೆ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ಅಕ್ಕ ಎಳೆದ ಗೆರೆಗಳನ್ನೆಲ್ಲ ಬಿಚ್ಚಿ ನೇರ ಮಾಡಿ ತುದಿಗೆ ತುದಿ ಕಟ್ಟಿದರೆ ಭೂಮಿಗೆ ಏಳು ಸುತ್ತು ಬರುತ್ತದೆ. ಮಿಕ್ಕಿದ್ದರಲ್ಲಿ ನಮ್ಮ ಬೀದಿಯವರೆಲ್ಲ ಬಟ್ಟೆ ಒಣಹಾಕಿಕೊಳ್ಳಬಹುದು. ಇದು ಬಡಾಯಿಯಲ್ಲ, ಲೆಕ್ಕ.

ಕಾರ್ಖಾನೆ ಬಿಟ್ಟು ಬಂದ ಮೇಲೆ ಅಕ್ಕ ನಮ್ಮ ಮನೆಯ ಮೇಲಿನ ಕೋಣೆಯಲ್ಲಿದ್ದಾಳೆ. ಮದುವೆಯಾದವಳಲ್ಲ. "ಎಲ್ಲಾ ಗಂಡಸರನ್ನೂ ಮಣೆ ಮೇಲೆ ಇಟ್ಟು ತಿರುಗಿಸಿ ನೋಡಿದೆ, ಒಬ್ಬನೂ ದುಂಡಗಿರಲಿಲ್ಲ" ಎನ್ನುತ್ತಾಳೆ. ನೋಡಿ, ಬಾಯಿ ನನಗೊಬ್ಬನಿಗೇ ಬಂದದ್ದಲ್ಲ, ವಂಶದ್ದು.

ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ಎಷ್ಟು ದಿನದಿಂದ ಬಂದಿತ್ತೋ, ಅವಳು ಬಾಯಿ ಬಿಟ್ಟವಳಲ್ಲ. ನಮಗೆ ತಿಳಿದದ್ದು ಅವಳು ಬಾಗಿಲ ಹಿಂದೆ ತೂಗುಹಾಕಿದ ನನ್ನ ಕೋಟಿಗೆ "ಯಾವಾಗ ಬಂದ್ರಿ? ನಿಂತೇ ಇದೀರಲ್ಲ, ಕೂತ್ಕೊಳ್ಳಿ" ಎಂದಾಗ. ಕೋಟು ಕೂರಲಿಲ್ಲ. ಅಕ್ಕನಿಗೆ ಸಿಟ್ಟು ಬಂತು, "ಎಂಥ ಜನವಪ್ಪ" ಎಂದಳು. ಅದಕ್ಕೆ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಒಂದು ಬೆಳಗ್ಗೆ ಅವಳು ಮೆಟ್ಟಿಲಿನ ಕೊನೆಯ ಎರಡು ಪಾವಟಿಗೆಗಳನ್ನು ಒಂದೇ ಎಂದುಕೊಂಡು ಕಾಲಿಟ್ಟಳು. ಪಕ್ಕದ ಕಂಬಿ ಕೈಗೆ ಸಿಕ್ಕಿದ್ದರಿಂದ ಬಚಾವಾದಳು. ಆವತ್ತು ಯಾರೂ ನಗಲಿಲ್ಲ.

ಡಾಕ್ಟರು ನೋಡಿ, ಒಂದರ ನಂತರ ಒಂದು ಎರಡೂ ಕಣ್ಣಿಗೆ ಆಪರೇಷನ್ ಆಗಬೇಕು ಎಂದರು. ಒಂದೇ ಕಣ್ಣು ಸರಿಯಾದರೆ ಸಾಲದು, ಮೆಟ್ಟಿಲಿನ ಆಳ ತಿಳಿಯುವುದಿಲ್ಲ, ಎರಡೂ ಬೇಕು ಎಂದು ಒತ್ತಿ ಹೇಳಿದರು. ಅಕ್ಕ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ಇಷ್ಟು ವರ್ಷ ನೋಡಿದ್ದು ಸಾಲದಾ? ಹೊಸದಾಗಿ ನೋಡೋಕೆ ಏನು ಉಳಿದಿದೆ? ನಿನ್ನ ಮುಖವಾ?"

ಹೆಂಡತಿ ಹೇಳಿ ನೋಡಿದಳು. ಡಾಕ್ಟರು ಹೇಳಿ ನೋಡಿದರು. ಪಕ್ಕದ ಮನೆಯ ದರ್ಜಿ ತನ್ನ ಆಪರೇಷನ್ ಆದ ಕಣ್ಣನ್ನು ಅರಳಿಸಿ ಅರಳಿಸಿ ತೋರಿಸಿದ. ಊಹೂಂ. ಆಗ ನಾನು, ಒಂದು ಸಂಜೆ ಚಹಾ ಕುಡಿಯುತ್ತ, ಯಾವ ಸಿದ್ಧತೆಯೂ ಇಲ್ಲದೆ, ನನ್ನ ಬಾಳಿನ ಅತ್ಯಂತ ದೊಡ್ಡ ಬುರುಡೆಯನ್ನು ಬಿಟ್ಟೆ. ಚಂದ್ರನದು ಇದರ ಮುಂದೆ ಏನೂ ಅಲ್ಲ.

"ಅಕ್ಕಾ, ನಿನಗೆ ಹೇಳೋದೇ ಮರೆತೆ. ಪೇಟೆಯ ದೊಡ್ಡ ಮ್ಯೂಸಿಯಂ ಇದೆಯಲ್ಲ, ನಮ್ಮ ದೇಶದಲ್ಲಿ ಮಾಡಿದ ಕುರ್ಚಿ, ದೀಪ, ಪಾತ್ರೆ, ಬಟ್ಟೆ ಎಲ್ಲಾ ಇಟ್ಟಿರೋದು? ಅಲ್ಲಿ ನಿನ್ನ ತಟ್ಟೆಗಳಿಗೇ ಒಂದು ಕೋಣೆ ಕೊಟ್ಟಿದಾರೆ."

ಅಡುಗೆಮನೆಯಲ್ಲಿ ಹೆಂಡತಿಯ ಕೈಯಿಂದ ಸೌಟು ಬಿದ್ದ ಸದ್ದಾಯಿತು.

ಅಕ್ಕ ಕಪ್ಪನ್ನು ಬಸಿಯ ಮೇಲಿಟ್ಟಳು. "ನನ್ನ ತಟ್ಟೆಗಾ?"

"ಮತ್ತೆ ಇನ್ಯಾರದು? ನಾನೇ ಕಣ್ಣಾರೆ ನೋಡ್ಕೊಂಡು ಬಂದೆ. ಅಲ್ಲಿಯ ದೊಡ್ಡ ಸಾಹೇಬರು ನನ್ನ ಹೆಗಲ ಮೇಲೆ ಕೈ ಹಾಕಿ ತೋರಿಸಿದರು."

"ಕೋಣೆ ತುಂಬಾನಾ?"

"ನೆಲದಿಂದ ಚಾವಣಿವರೆಗೆ!"

"ಯಾವಾಗಿಂದು? ಮೊದಮೊದಲಿನದಾ? ಕೊನೆಕೊನೆಯದಾ?"

"ಎಲ್ಲಾ ಕಾಲದ್ದೂ. ನಿನ್ನ ಕೊನೇ ದಿನದ ತಟ್ಟೆ ಸಮೇತ. ಒಂದೊಂದಕ್ಕೂ ಒಂದೊಂದು ದೀಪ ಹಾಕಿದಾರೆ ಅಕ್ಕ, ಕೂದಲು ಬಿದ್ದರೂ ಕಾಣಬೇಕು, ಹಾಗೆ."

ಅವಳ ಮುಖದ ಬಣ್ಣ ಬದಲಾಯಿತು. ಸಂತೋಷಕ್ಕೆ ಎಂದುಕೊಂಡು ನಾನು ಬೀಗಿದೆ.

"ಆಯ್ತು, ಆಪರೇಷನ್ ಮಾಡಿಸ್ಕೋತೀನಿ" ಎಂದಳು ಕೊನೆಗೆ. "ಒಂದು ಕಣ್ಣಿಗೆ. ಮೊದಲು ಆ ಕೋಣೆ ನೋಡ್ತೀನಿ. ಅದನ್ನ ನೋಡಿದ ಮೇಲೆ ಇನ್ನೊಂದು ಕಣ್ಣಿನ ಮಾತು."

ಅವಳು ಮೇಲೆ ಹೋದ ಮೇಲೆ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. "ಅಲ್ರೀ, ಕಣ್ಣಿಲ್ಲದೋರಿಗೆ ಸುಳ್ಳು ಹೇಳಿ ಕಣ್ಣು ಕೊಡಿಸ್ತಾ ಇದೀರಲ್ಲ. ಕಣ್ಣು ಬಂದ ಮೇಲೆ ಮೊದಲು ಕಾಣೋದು ಆ ಸುಳ್ಳೇ ಅಲ್ವಾ?"

ನನ್ನ ಹೆಂಡತಿಯ ದೋಷ ಇದೇ. ಸರಿಯಾದ ಮಾತನ್ನು ಯಾವಾಗಲೂ ತಡವಾಗಿ ಆಡುತ್ತಾಳೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಪಟ್ಟಿ ಬಿಚ್ಚಿದಾಗ ಅಕ್ಕ ಮೊದಲು ನೋಡಿದ್ದು ನನ್ನನ್ನು. "ಅಯ್ಯೋ! ಇಷ್ಟು ಮುದುಕ ಆಗಿದೀಯಾ? ಯಾರೂ ಹೇಳಲೇ ಇಲ್ವಲ್ಲೋ!" ಎಂದಳು. ಎರಡನೆಯದಾಗಿ ನೋಡಿದ್ದು ತನ್ನ ಕೋಣೆಯ ಮೂಲೆಗಳನ್ನು; ಆವತ್ತೇ ಪೊರಕೆ ಕೇಳಿದಳು. ಮೂರನೆಯದಾಗಿ ನೋಡಬೇಕಾದದ್ದು ಯಾವುದೆಂದು ಅವಳು ದಿನಾ ಬೆಳಗ್ಗೆ ನೆನಪಿಸುತ್ತಿದ್ದಳು. ನಾನು ಮ್ಯೂಸಿಯಂಗೆ ರಜೆ ಎಂದೆ, ಬಸ್ಸಿಲ್ಲ ಎಂದೆ, ನನ್ನ ಮಂಡಿ ನೋವು ಎಂದೆ, ಸಾಹೇಬರ ಮಾವ ತೀರಿಕೊಂಡರು ಎಂದೆ. ಒಂದು ದಿನ ಅವಳೇ ಶಾಲು ಹೊದ್ದು, ಮದುವೆಮನೆಗೆ ಹೊರಟವಳ ಹಾಗೆ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಳು.

"ನಡಿ. ಸಾಹೇಬರ ಮಾವ ಎರಡನೇ ಸಲ ಸಾಯೋದರೊಳಗೆ ಹೋಗಿ ಬರೋಣ."

ಬಸ್ಸಿನಲ್ಲಿ ಅವಳು ಒಂದೂ ಮಾತಾಡಲಿಲ್ಲ. ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಸುಕುತ್ತಿದ್ದಳು. ನಾನೂ ಮಾತಾಡಲಿಲ್ಲ, ಅಂದರೆ ಎಷ್ಟು ಹೆದರಿದ್ದೆ ಎಂದು ನೀವೇ ತಿಳಿದುಕೊಳ್ಳಿ. ನನ್ನ ಎದೆ ಹೊಡೆದುಕೊಳ್ಳುವ ಸದ್ದಿಗೆ ಡ್ರೈವರು ಎರಡು ಸಲ ಇಂಜಿನ್ ಕೆಟ್ಟಿತೆಂದು ಕೆಳಗಿಳಿದು ನೋಡಿದ. ಕೋಣೆ ಇಲ್ಲವೆಂದು ತಿಳಿದ ಕ್ಷಣವೇ ಅವಳು ಮನೆಗೆ ತಿರುಗುತ್ತಾಳೆ, ಎರಡನೇ ಕಣ್ಣಿನ ಮಾತು ಅಲ್ಲಿಗೇ ಮುಗಿಯುತ್ತದೆ, ಇನ್ನೊಂದು ಬೆಳಗ್ಗೆ ಮೆಟ್ಟಿಲ ಮೇಲೆ ಕಂಬಿ ಕೈಗೆ ಸಿಗುವುದಿಲ್ಲ. ನನ್ನ ತಲೆಯಲ್ಲಿ ಇಷ್ಟೇ ಓಡುತ್ತಿತ್ತು.

ಮ್ಯೂಸಿಯಂ ಬಾಗಿಲು ಆನೆ ನುಗ್ಗುವಷ್ಟು ದೊಡ್ಡದು. ನಾನು ಹಳೆಯ ಗಿರಾಕಿಯ ಗತ್ತಿನಲ್ಲಿ ಹೋಗಿ ತಳ್ಳಿದೆ. ಅದು ಅಲುಗಲಿಲ್ಲ. ಭುಜ ಕೊಟ್ಟು ತಳ್ಳಿದೆ.

"ಎಳೀಬೇಕು ಅಂತ ಬರೆದಿದೆ" ಎಂದಳು ಅಕ್ಕ. ಹೊಸ ಕಣ್ಣು.

"ಗೊತ್ತು. ಗಟ್ಟಿ ಇದೆಯಾ ಅಂತ ನೋಡಿದೆ. ಸಾಹೇಬರು ಹೇಳಿದ್ರು, ಬಂದಾಗೆಲ್ಲ ಸ್ವಲ್ಪ ನೋಡ್ತಾ ಇರಿ ಅಂತ."

ಒಳಗೆ ಮೊದಲನೆಯದು ಕುರ್ಚಿಗಳ ಕೋಣೆ. ನನ್ನ ಉಪಾಯ ಸರಳವಾಗಿತ್ತು: ಅವಳನ್ನು ಸುತ್ತಿಸಿ ಸುತ್ತಿಸಿ ಸುಸ್ತು ಮಾಡುವುದು, ಕಾಲು ನೋವು ಎಂದಾಗ ಅಯ್ಯೋ ಪಾಪ ಎಂದು ಮನೆಗೆ ಕರೆದುಕೊಂಡು ಹೋಗುವುದು. ಅಲ್ಲಿದ್ದ ಕುರ್ಚಿಗಳಲ್ಲಿ ಅರ್ಧದಷ್ಟು ನನ್ನ ಸಲಹೆಯ ಮೇಲೆ ಮಾಡಿದ್ದು ಎಂದೆ. ಒಂದಕ್ಕೆ ಮೂರೇ ಕಾಲಿತ್ತು. "ಇದು ನಿನ್ನ ಸಲಹೆಯದ್ದಿರಬೇಕು" ಎಂದಳು ಅಕ್ಕ.

ಆದರೆ ನನ್ನ ಉಪಾಯಕ್ಕೆ ಆ ಕಣ್ಣೇ ಶತ್ರುವಾಯಿತು. ವರ್ಷಗಟ್ಟಲೆ ಅಕ್ಷರ ಕಾಣದೆ ಹಸಿದಿದ್ದವಳು, ಒಂದೊಂದು ವಸ್ತುವಿನ ಕೆಳಗಿನ ಚೀಟಿಯನ್ನೂ ಗಟ್ಟಿಯಾಗಿ ಓದುತ್ತ ಹೋದಳು. ಬೀಗಗಳ ಕೋಣೆ, ಬಾಗಿಲ ಹಿಡಿಗಳ ಕೋಣೆ, ದೀಪಗಳ ಕೋಣೆ. ಗಾಜಿನ ಪೆಟ್ಟಿಗೆಯೊಳಗೆ ನಮ್ಮ ಮನೆಯಲ್ಲೇ ಇರುವಂಥ ಇಸ್ತ್ರಿಪೆಟ್ಟಿಗೆ ಕಂಡು, "ಇದನ್ನ ಇಲ್ಲಿ ಯಾಕೆ ಇಟ್ಟಿದಾರೋ? ನಿನ್ನ ಹೆಂಡತಿ ಇವತ್ತು ಬೆಳಗ್ಗೆ ಇದೇ ಥರದ್ದರಲ್ಲಿ ನಿನ್ನ ಅಂಗಿ ಸುಟ್ಟಳಲ್ಲ" ಎಂದಳು. ಸುಸ್ತಾದದ್ದು ನಾನು. ಅವಳು ಮುಂದೆ ಮುಂದೆ, ನಾನು ಮಂಡಿ ಹಿಡಿದುಕೊಂಡು ಹಿಂದೆ ಹಿಂದೆ. ಆದರೂ ಒಂದು ಸಂಗತಿ ಗಮನಿಸಿದ್ದೆ: ಪ್ರತಿ ಕೋಣೆಯ ಬಾಗಿಲಲ್ಲೂ ಅವಳು ಒಂದು ಗಳಿಗೆ ನಿಲ್ಲುತ್ತಿದ್ದಳು. ಒಳಗೆ ಇಣುಕಿ, ತಟ್ಟೆಗಳಿಲ್ಲ ಎಂದು ಕಂಡ ಮೇಲೆಯೇ ಉಸಿರು ಬಿಟ್ಟು ಒಳಗೆ ಹೋಗುತ್ತಿದ್ದಳು. ಕಾದು ಕಾದು ತಾಳ್ಮೆ ಕೆಟ್ಟಿರಬೇಕು ಎಂದುಕೊಂಡೆ.

ಅವಳು ಕಿಟಕಿ ಪರದೆಗಳ ಮುಂದೆ ನಿಂತು ಓದುತ್ತಿದ್ದಾಗ ನಾನು ಮೆಲ್ಲನೆ ಹೊರಗೆ ಜಾರಿದೆ. ಮೆಟ್ಟಿಲ ಬಳಿ ಸ್ಟೂಲಿನ ಮೇಲೆ ಕಾವಲಿನ ಹೆಂಗಸೊಬ್ಬಳು ಯೂನಿಫಾರ್ಮ್ ತೊಟ್ಟು ಕೂತಿದ್ದಳು.

"ತಂಗೀ, ಒಂದು ಉಪಕಾರ ಆಗಬೇಕು. ನನ್ನ ಅಕ್ಕ ಬಂದು ಕೇಳಿದ್ರೆ, ಗೆರೆಯ ತಟ್ಟೆ ಕೋಣೆಗೆ ಬಣ್ಣ ಹೊಡೀತಿದಾರೆ, ಇವತ್ತು ಬಂದ್ ಅಂತ ಹೇಳಿಬಿಡಮ್ಮ."

"ಯಾವ ಕೋಣೆ?"

"ಇಲ್ಲದಿರೋ ಕೋಣೆ."

"ಇಲ್ಲದಿರೋ ಕೋಣೆಗೆ ಬಣ್ಣ ಹೊಡೆಯೋಕೆ ಯಾರು ಬರ್ತಾರೆ ಅಜ್ಜ?"

"ಅಜ್ಜ ಅನ್ನಬೇಡ, ಅಣ್ಣ ಅನ್ನು. ಒಂದೇ ಒಂದು ಸಣ್ಣ ಸುಳ್ಳು. ಪುಣ್ಯದ ಕೆಲಸ."

"ನೋಡಿ, ಮುಟ್ಟಬೇಡಿ ಅನ್ನೋದಕ್ಕೆ ನನಗೆ ಸಂಬಳ ಕೊಡ್ತಾರೆ. ಸುಳ್ಳು ಹೇಳು ಅಂತ ಯಾರೂ ಕೊಟ್ಟಿಲ್ಲ. ಪಿಂಗಾಣಿ ಎಲ್ಲಾ ಮೇಲಿನ ಮಹಡೀಲಿದೆ, ಎಡಗಡೆಗೆ. ಅಜ್ಜಿ ಆಗಲೇ ಹತ್ತುತಾ ಇದಾರೆ."

ತಿರುಗಿ ನೋಡಿದರೆ ಅಕ್ಕ ಕಂಬಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಒಂದೊಂದು ಮೆಟ್ಟಿಲಿಗೂ ಕಾಲಿನಿಂದ ತಡವಿ, ಇದೆ ಎಂದು ಖಾತ್ರಿಯಾದ ಮೇಲೆ ಭಾರ ಬಿಡುತ್ತಿದ್ದಳು. ಓಡಿ ಹೋಗಿ ಇನ್ನೊಂದು ಕೈ ಹಿಡಿದುಕೊಂಡೆ.

ಮೇಲಿನ ಮಹಡಿಯಲ್ಲಿ ಎಡಗಡೆಗೆ ಒಂದು ಉದ್ದನೆಯ ಕೋಣೆ. ಹೂಜಿಗಳು, ಹೂದಾನಿಗಳು, ಕೆಟಲುಗಳು. ಅಕ್ಕ ಬಾಗಿಲಲ್ಲಿ ನಿಂತಳು. ಕೋಣೆಯ ಆ ತುದಿಯಲ್ಲಿ, ಗಾಜಿನ ಹಿಂದೆ, ಒಂದು ಗೋಡೆ ತುಂಬ ಬಿಳಿಯ ತಟ್ಟೆಗಳು. ಒಂದೊಂದರ ಅಂಚಿಗೂ ನೀಲಿ ಗೆರೆ. ಮೇಲಿನಿಂದ ದೀಪ.

ನಾನೇ ಬೆಚ್ಚಿಬಿದ್ದೆ. ನನ್ನ ಬುರುಡೆ ನನಗಿಂತ ಮುಂಚೆ ಬಂದು ಕೂತಿತ್ತಲ್ಲ! ಮುಳುಗುವವನಿಗೆ ಹಡಗೇ ಸಿಕ್ಕಿದ ಹಾಗಾಯಿತು.

"ನೋಡು! ನಾನು ಹೇಳಿರಲಿಲ್ವಾ? ನೋಡು ಅಕ್ಕ, ಎಲ್ಲಾ ನಿನ್ನದೇ!"

ಅಕ್ಕ ನನ್ನ ಕೈ ಬಿಡಿಸಿಕೊಂಡಳು. ಕೋಣೆಯ ಉದ್ದಕ್ಕೂ ಅವಳು ಹೆಜ್ಜೆ ಎಣಿಸುವವಳ ಹಾಗೆ ನಡೆದಳು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಪೊರೆ ಇರುವ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಮೊದಲನೇ ತಟ್ಟೆಯ ಅಂಚನ್ನು ಸುತ್ತಲೂ ನೋಡಿದಳು. ಎರಡನೆಯದನ್ನು ನೋಡಿದಳು. ಮೂರನೆಯದನ್ನು ನೋಡಿದಳು. ನಾನು ಹಿಂದೆ ನಿಂತು ನನಗೆ ತಿಳಿದ ದೇವರನ್ನೆಲ್ಲ ಕರೆದೆ, ತಿಳಿಯದ ದೇವರನ್ನೂ ಕರೆದೆ.

"ಇದರಲ್ಲಿ ಕೂಡೇ ಇಲ್ಲ" ಎಂದಳು.

"ನಿನ್ನ ಕೈಚಳಕ ಅಂಥದ್ದು ಅಕ್ಕ."

"ಎಂಥ ಕೈಯಾದರೂ ಕೂಡು ಇದ್ದೇ ಇರುತ್ತೆ. ಇದು ಎಳೆದ ಗೆರೆ ಅಲ್ಲ, ಅಚ್ಚು ಹಾಕಿದ ಕಾಗದ ಅಂಟಿಸಿರೋದು." ಆಮೇಲೆ ಬಗ್ಗಿ ಕೆಳಗಿನ ಚೀಟಿಯನ್ನು ಓದಿದಳು. ನಿಧಾನವಾಗಿ, ಅಕ್ಷರ ಅಕ್ಷರವಾಗಿ. ಬೇರೆ ಯಾವುದೋ ಕಾರ್ಖಾನೆಯ ಹೆಸರು. ಅದರ ಮುಂದೆ ಒಂದು ವರ್ಷ.

"ಇದು ನಾನು ಹುಟ್ಟೋಕೆ ಇಪ್ಪತ್ತು ವರ್ಷ ಮುಂಚಿನದು ಕಣೋ."

ಕೈಗೆ ಸಿಕ್ಕಿದ ಹಡಗು ಹಾಗೇ ಮುಳುಗಿತು. ಆದರೂ ಬಾಯಿ ಕೇಳಬೇಕಲ್ಲ. "ನೀನು ಯಾವತ್ತೂ ಕೆಲಸ ಮುಂಚೆಯೇ ಮುಗಿಸ್ತಿದ್ದೆ ಅಲ್ವಾ ಅಕ್ಕ" ಎಂದೆ.

ಅವಳು ತಿರುಗಿದಳು. "ಬುರುಡೆ" ಎಂದಳು. ಮನೆಯಲ್ಲಿ ಅವಳು ನನ್ನನ್ನು ಹಾಗೆ ಕರೆದವಳಲ್ಲ. "ನನ್ನ ಕೋಣೆ ಎಲ್ಲಿ?"

ಇಡೀ ಭೂಮಂಡಲದ ಬುರುಡೆಗಳೆಲ್ಲ ನನ್ನ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ತಟ್ಟೆಗಳನ್ನು ಪರದೇಶಕ್ಕೆ ತೋರಿಸಲು ಒಯ್ದಿದ್ದಾರೆ. ತೊಳೆಯಲು ಹಾಕಿದ್ದಾರೆ. ಸಾಹೇಬರ ಮಾವನ ತಿಥಿ ಊಟಕ್ಕೆ ಎರವಲು ಕೊಟ್ಟಿದ್ದಾರೆ. ಆದರೆ ಆ ಒಂದು ತಿಳಿಗಣ್ಣು ನನ್ನನ್ನೇ ನೋಡುತ್ತಿತ್ತು. ಒಂದೂ ಹೊರಗೆ ಬರಲಿಲ್ಲ.

"ಇಲ್ಲ ಅಕ್ಕ."

"ಕೋಣೆ ಇಲ್ವಾ?"

"ಇಲ್ಲ."

"ಒಂದು ಮೂಲೇನೂ ಇಲ್ವಾ? ಒಂದು ತಟ್ಟೇನೂ?"

"ನನಗೆ ಗೊತ್ತಿಲ್ಲ. ನಾನು ಈ ಕಟ್ಟಡದೊಳಗೆ ಕಾಲಿಟ್ಟಿದ್ದು ಇವತ್ತೇ."

ಅಕ್ಕ ಹಿಂದೆ ಕೈ ಚಾಚಿ ಬೆಂಚನ್ನು ತಡವಿ ಕೂತಳು. ಶಾಲಿನ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಅವಳ ಭುಜಗಳು ಅಲುಗತೊಡಗಿದವು. ಹೋಯಿತು, ಎರಡನೇ ಕಣ್ಣು ಹೋಯಿತು ಎಂದುಕೊಂಡೆ. ಬೆಂಚಿನ ಇನ್ನೊಂದು ತುದಿಯಲ್ಲಿ ನಾನೂ ಕೂತೆ.

"ಅಕ್ಕಾ, ಅಳಬೇಡ ಅಕ್ಕ. ಡಾಕ್ಟರಿಗೂ ಈ ವಿಷಯಕ್ಕೂ ಸಂಬಂಧ ಇಲ್ಲ. ನನ್ನ ಮೇಲಿನ ಸಿಟ್ಟನ್ನ ಕಣ್ಣಿನ ಮೇಲೆ ತೀರಿಸಬೇಡ..."

ಸೆರಗು ಕೆಳಗೆ ಬಂತು. ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದಳು, ಸದ್ದು ಹೊರಗೆ ಬಾರದ ಹಾಗೆ ಹೊಟ್ಟೆ ಹಿಡಿದುಕೊಂಡು.

"ಸದ್ಯ!" ಎಂದಳು. "ಅಯ್ಯೋ, ಸದ್ಯ ಕಣೋ! ಇಲ್ವಲ್ಲ, ಖಂಡಿತ ಇಲ್ವಲ್ಲ?"

"ಖಂಡಿತ ಇಲ್ಲ" ಎಂದೆ, ಏನೊಂದೂ ಅರ್ಥವಾಗದೆ.

"ನೆಲದಿಂದ ಚಾವಣಿವರೆಗೆ ಅಂದ್ಯಲ್ಲೋ ಪಾಪಿ! ಒಂದೊಂದಕ್ಕೂ ದೀಪ ಅಂದ್ಯಲ್ಲೋ! ಕೊನೇ ದಿನದ ತಟ್ಟೆ ಸಮೇತ ಅಂದ್ಯಲ್ಲೋ! ಆವತ್ತಿಂದ ನನಗೆ ನಿದ್ದೆ ಹತ್ತಿದ್ರೆ ಕೇಳು."

"ಯಾಕೆ?"

ಅವಳು ಚೀಲವನ್ನು ಪಕ್ಕಕ್ಕಿಟ್ಟಳು. ಕಾವಲಿನ ಹೆಂಗಸು ನಗು ಕೇಳಿ ಬಾಗಿಲಿಗೆ ಬಂದು ಇಣುಕಿದಳು. ಯಾರೂ ಏನನ್ನೂ ಮುಟ್ಟುತ್ತಿಲ್ಲವೆಂದು ಕಂಡು ಹಿಂದಕ್ಕೆ ಹೋದಳು.

"ಕೆಲಸದ ಕೊನೇಲಿ ನನಗೆ ಕೂಡು ಕಾಣ್ತಿರಲಿಲ್ಲ" ಎಂದಳು ಅಕ್ಕ. "ಪೊರೆ ಆವಾಗಲೇ ಶುರುವಾಗಿತ್ತು. ಮಂಜಿನೊಳಗೆ ಮಣೆ ತಿರುಗಿಸಿದ ಹಾಗೆ. ಗೆರೆ ಎಲ್ಲಿ ಹೊರಟಿತ್ತು ಅಂತ ಕೈ ನೆನಪಿಟ್ಟುಕೊಳ್ಳೋದು, ಕೈ ಹೇಳಿದ ಕಡೆ ಕುಂಚ ಎತ್ತೋದು. ಸೇರಿತೋ ಇಲ್ವೋ ನನಗೇ ಗೊತ್ತಿಲ್ಲ. ಯಾರಿಗಾದ್ರೂ ಹೇಳಿದ್ರೆ ನನ್ನನ್ನ ತಟ್ಟೆ ತೊಳೆಯೋ ಕಡೆಗೆ ಹಾಕ್ತಿದ್ರು. ಹೇಳಲಿಲ್ಲ. ತಟ್ಟೆ ಹೋಯ್ತು, ಯಾರ ಮನೆಗೋ ಹೋಯ್ತು, ಒಡೆದು ಹೋಗಿರುತ್ತೆ ಬಿಡು ಅಂತ ಸಮಾಧಾನ ಮಾಡ್ಕೊಂಡಿದ್ದೆ. ಆಮೇಲೆ ನೀನು ಬಂದು, ಅವನ್ನೆಲ್ಲ ಗಾಜಿನೊಳಗೆ ಇಟ್ಟು ದೀಪ ಹಾಕಿದಾರೆ, ಜನ ಬಂದು ನೋಡ್ತಿದಾರೆ ಅಂದೆ."

"ಮತ್ತೆ ಆಪರೇಷನ್ ಯಾಕೆ ಒಪ್ಪಿಕೊಂಡೆ?"

"ಬಂದು ಸಾಹೇಬರ ಕಾಲು ಹಿಡಿದು, ವಕ್ರ ಇರೋವನ್ನ ತೆಗೆಸಿಬಿಡಿ ಅಂತ ಕೇಳೋಕೆ. ಯಾವುದು ವಕ್ರ ಅಂತ ತೋರಿಸೋಕಾದ್ರೂ ಒಂದು ಕಣ್ಣು ಬೇಕಲ್ಲ! ಎಲ್ಲಾ ವಕ್ರ ಇದ್ದಿದ್ರೆ ಇನ್ನೊಂದು ಕಣ್ಣು ಯಾವ ಸುಖಕ್ಕೆ? ಒಂದರಲ್ಲಿ ನೋಡಿದ್ದೇ ಸಾಯೋವರೆಗೆ ಸಾಕಾಗ್ತಿತ್ತು."

ಇಷ್ಟು ದಿನ ಕೋಣೆ ಇಲ್ಲವಲ್ಲ ಎಂದು ನಾನು ನರಳಿದ್ದು. ಅದೇ ಮನೆಯ ಮೇಲಿನ ಕೋಣೆಯಲ್ಲಿ ಅವಳು, ಕೋಣೆ ಇದೆಯಲ್ಲ ಎಂದು ನರಳಿದ್ದು. ಎದೆಯ ಮೇಲೆ ಕೂತಿದ್ದ ಬಂಡೆ ಎದ್ದು ಹೋದಂತಾಯಿತು. ಬಂಡೆ ಎಂದರೆ ಸಣ್ಣದಲ್ಲ, ಮ್ಯೂಸಿಯಂನಷ್ಟೇ ದೊಡ್ಡದು.

ಆದರೆ ಅವಳು ನನ್ನನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. ನಗು ನಿಲ್ಲಿಸಿ ನನ್ನ ಕಡೆ ಪೂರ್ತಿ ತಿರುಗಿ ಕೂತಳು.

"ಪೆಟ್ಟಿಗೆಗೆ ತುಂಬಿದವನು ನೀನು. ನನ್ನ ಒಂದೊಂದು ತಟ್ಟೆಯೂ ನಿನ್ನ ಕೈ ದಾಟಿ ಹೋಗಿದೆ. ಹೇಳು. ಕೂಡ್ತಿತ್ತಾ, ಇಲ್ವಾ?"

"ಅಕ್ಕಾ, ನಿನ್ನ ಗೆರೆ ಅಂದ್ರೆ..."

"ನಿಜ ಹೇಳು. ಹೇಳೋಕೆ ಬಂದ್ರೆ."

ಬಡಾಯಿ ಕೊಚ್ಚಲು ಇದಕ್ಕಿಂತ ಒಳ್ಳೆಯ ಜಾಗ, ಇದಕ್ಕಿಂತ ಒಳ್ಳೆಯ ಸಮಯ ಯಾರಿಗೂ ಸಿಕ್ಕಿರಲಾರದು. ಎದುರಿಗೆ ಗೋಡೆ ತುಂಬ ತಪ್ಪಿಲ್ಲದ ತಟ್ಟೆಗಳು. ಇವುಗಳ ಅಪ್ಪನ ಹಾಗಿತ್ತು ನಿನ್ನ ಗೆರೆ ಎಂದುಬಿಟ್ಟರೆ ಮುಗಿಯಿತು. ಹೇಳಲು ಹೊರಟೆ. ಅಷ್ಟರಲ್ಲಿ ಅವಳ ಬೆರಳುಗಳು ಕಣ್ಣಿಗೆ ಬಿದ್ದವು. ಕುಂಚ ಹಿಡಿಯುವ ಎರಡು ಬೆರಳು ಒಂದಕ್ಕೊಂದು ಒತ್ತಿಕೊಂಡು, ಅಲುಗದೆ, ಕಾಯುತ್ತಿದ್ದವು.

"ಕೊನೇ ವರ್ಷ ಕೆಲವು ಕೂಡ್ತಿರಲಿಲ್ಲ" ಎಂದೆ. "ಕೂದಲೆಳೆಯಷ್ಟು ಮೇಲೆ ಕೆಳಗೆ. ಪರೀಕ್ಷೆ ಮಾಡೋ ಹೆಂಗಸು ಇದ್ದಳಲ್ಲ, ಅವಳು ಅವನ್ನ ಎತ್ತಿ ಪಕ್ಕಕ್ಕೆ ಇಡ್ತಿದ್ದಳು. ಗೇಟಿನ ಹತ್ತಿರ ಅಗ್ಗದ ಮಾಲು ಮಾರ್ತಿದ್ರಲ್ಲ, ಅಲ್ಲಿಗೆ ಹೋಗ್ತಿತ್ತು. ನನ್ನ ಪೆಟ್ಟಿಗೆಗೆ ಬರ್ತಿರಲಿಲ್ಲ."

"ಎಷ್ಟು?"

"ಅವಳ ಪಕ್ಕದ ಹಲಗೆ ಯಾವತ್ತೂ ತುಂಬಿದ್ದು ನಾನು ನೋಡಿಲ್ಲ."

"ಉಳಿದದ್ದು?"

"ಸರಿಯಾಗೇ ಇತ್ತು."

"ಅದಕ್ಕೆ ಮುಂಚೆ?"

"ಮುಂಚೆ ಒಂದೂ ತಪ್ಪಿಲ್ಲ."

ಅಕ್ಕ ಕಣ್ಣು ಮುಚ್ಚಿಕೊಂಡಳು. ತುಂಬ ಹೊತ್ತು ಉಸಿರು ಹಿಡಿದು ಗೆರೆ ಎಳೆದವಳು ಕುಂಚ ಎತ್ತಿದ ಮೇಲೆ ಬಿಡುವಂಥ ಉಸಿರು ಬಿಟ್ಟಳು.

"ಕೆಲವೇನಾ!" ಎಂದಳು. "ನಾನು ಎಲ್ಲಾ ಅಂದುಕೊಂಡಿದ್ದೆ." ಕಣ್ಣು ತೆರೆದು, "ನೀನು 'ಒಂದೂ ತಪ್ಪಿರಲಿಲ್ಲ' ಅಂದಿದ್ರೆ ನಾನು ನಂಬ್ತಿರಲಿಲ್ಲ ಕಣೋ. ನೀನು 'ಕೆಲವು ತಪ್ಪಿತ್ತು' ಅಂದ್ಯಲ್ಲ, ಅದಕ್ಕೇ ಉಳಿದದ್ದನ್ನೂ ನಂಬಿದೆ" ಎಂದಳು.

ನಾನು ಬುರುಡೆ ಬಿಡಲು ಕಲಿತಂದಿನಿಂದ ಯಾರೂ ನನ್ನ ಮಾತನ್ನು ಪೂರ್ತಿ ನಂಬಿದ್ದು ನನಗೆ ನೆನಪಿಲ್ಲ. ಅದು ಹೇಗಿರುತ್ತದೆ ಎಂದರೆ, ಕಿವಿಯಲ್ಲಿ ಬಿಸಿ ಎಣ್ಣೆ ಬಿಟ್ಟ ಹಾಗೆ, ಮೊದಲು ಬೆಚ್ಚುತ್ತೀರಿ, ಆಮೇಲೆ ಹಿತವಾಗುತ್ತದೆ.

"ಡಾಕ್ಟರ ಹತ್ತಿರ ಯಾವಾಗ ಹೋಗೋಣ?" ಎಂದಳು ಅಕ್ಕ.

"ಯಾಕೆ? ಕಣ್ಣು ನೋಯ್ತಿದೆಯಾ?"

"ಇನ್ನೊಂದು ಕಣ್ಣಿಗೆ ಕಣೋ ದಡ್ಡ. ಇಷ್ಟು ದೊಡ್ಡ ಕಟ್ಟಡ, ಇಷ್ಟೊಂದು ವಸ್ತು. ಒಂದೇ ಕಣ್ಣಲ್ಲಿ ಎಷ್ಟು ಅಂತ ನೋಡಲಿ?"

ಅವಳು ಎದ್ದು, ಗೋಡೆಯ ತಟ್ಟೆಗಳ ಮುಂದೆ ಮತ್ತೆ ನಿಂತಳು. ಈ ಸಲ ಕೈ, ಸೊಸೆ ತೊಳೆದ ಪಾತ್ರೆ ನೋಡುವ ಅತ್ತೆಯ ಹಾಗೆ, ಸೊಂಟದ ಮೇಲಿತ್ತು. "ಕಾಗದ ಅಂಟಿಸೋದರಲ್ಲೂ ಕಷ್ಟ ಇದೆ. ಸುಕ್ಕಾಗಬಾರದು. ಚೆನ್ನಾಗೇ ಅಂಟಿಸಿದಾರೆ" ಎಂದು ಒಪ್ಪಿಗೆ ಕೊಟ್ಟಳು. ಪಕ್ಕದ ಬಟ್ಟಲಿನ ಹತ್ತಿರ ಹೋದಳು. ಅದರ ಚೀಟಿಯನ್ನು ಓದತೊಡಗಿದಳು.

ಅವಳ ಮುಖ ಅಷ್ಟು ಹಗುರವಾದದ್ದು ಕಂಡು ನನಗೂ ಜೀವ ಬಂತು. ಜೀವ ಬಂದರೆ ನನಗೆ ಮೊದಲು ಬರುವುದು ಬಾಯಿ. ಎದ್ದು ಅವಳ ಪಕ್ಕ ಹೋಗಿ ನಿಂತು ಗಂಟಲು ಸರಿಮಾಡಿಕೊಂಡೆ.

"ನೋಡಿದ್ಯಾ ಅಕ್ಕ. ನಿನ್ನ ಮನಸ್ಸಲ್ಲಿ ಏನೋ ಕೊರೀತಿದೆ ಅಂತ ನನಗೆ ಯಾವತ್ತೋ ಗೊತ್ತಿತ್ತು. ಬಾಯಿ ಬಿಡೋಳಲ್ಲ ನೀನು. ಹೇಗಾದ್ರೂ ಅದು ಹೊರಗೆ ಬರಲಿ ಅಂತ ಯೋಚನೆ ಮಾಡಿ, ಅಳೆದು ಸುರಿದು, ಬೇಕೂ ಅಂತಲೇ ಆ ಕೋಣೆ ಕಟ್ಟಿದ್ದು ನಾನು..."

ಅಕ್ಕ ಓದುವುದನ್ನು ನಿಲ್ಲಿಸಿದಳು. ತಿರುಗಿ ನನ್ನನ್ನು ನೋಡಿದಳು. ಒಂದು ತಿಳಿಗಣ್ಣು, ಒಂದು ಮಂಜುಗಣ್ಣು, ಎರಡರಲ್ಲೂ ನೋಡಿದಳು.

"ಇಲ್ಲ" ಎಂದೆ. "ನನಗೇನೂ ಗೊತ್ತಿರಲಿಲ್ಲ. ನೀನು ಮೆಟ್ಟಿಲಲ್ಲಿ ಬಿದ್ದುಬಿಡ್ತೀಯ ಅಂತ ಹೆದರಿಕೆ ಆಗಿತ್ತು. ಬಾಯಿಗೆ ಬಂದದ್ದು ಹೇಳಿಬಿಟ್ಟೆ."